ನಾಲ್ಕನೆಯ ತೊಲೆ

ಪೈಪಿಗೆ ಸಾವಿರದ ಇನ್ನೂರು. ಭಾರ ಹೊರುವ ಪಟ್ಟಿಗಳು ಎರಡು, ಒಂಬೈನೂರು. ಕಬ್ಬಿಣದ ಕೊಂಡಿಗಳು ನಾಲ್ಕು, ಆರುನೂರು. ಎಂಟು ದೀಪಗಳಿಗೆ ಮೂರು ದಿನದ ಬಾಡಿಗೆ ನಾಲ್ಕು ಸಾವಿರ. ಖರ್ಚಿನ ಚೀಟಿಯ ಕೊನೆಯ ಸಾಲಿನಲ್ಲಿ ‘ಮರದ ತುಂಡು, ಎರಡು’ ಎಂದು ಬರೆದು, ಅದರ ಮುಂದೆ ಬೆಲೆಯ ಬದಲು ನನ್ನ ಷಡ್ಡಕ ಒಂದು ಅಡ್ಡಗೆರೆ ಎಳೆದಿದ್ದ. ಆ ತುಂಡುಗಳನ್ನು ಮಾಡಿಕೊಡಬೇಕಾದವನು ನಾನು.

ಷಡ್ಡಕ ಅಂದರೆ ನನ್ನ ನಾದಿನಿಯ ಗಂಡ. ಮದುವೆಯಾಗಿ ಎಂಟು ತಿಂಗಳು. ನಾಟಕಗಳಿಗೆ ದೀಪ ಕಟ್ಟುವುದು ಅವನ ಕಸುಬು. ನಾನು ಬಡಗಿ, ಆ ಮನೆಗೆ ಅಳಿಯನಾಗಿ ಹದಿನೆಂಟು ವರ್ಷ. ಮಾವನ ಖಾಲಿ ಗೋದಾಮಿನಲ್ಲಿ ಮೂರು ಸಂಜೆ ನಾಟಕವಾಡಿಸುತ್ತೇನೆಂದು ನಾದಿನಿ ಹಟ ಹಿಡಿದಿದ್ದಳು. ನನ್ನ ಹೆಂಡತಿಯದೇ ಮುಖ್ಯ ಪಾತ್ರ. ನಾಟಕದ ಮುಕ್ಕಾಲು ಪಾಲು ಅವಳು ಒಂದು ಕುರ್ಚಿಯಲ್ಲಿ ಕೂತೇ ಮಾತಾಡಬೇಕು, ಅವಳ ನೆತ್ತಿಯ ಮೇಲಿಂದ ಬೆಳಕು ಇಳಿಯಬೇಕು. ಅದಕ್ಕಾಗಿ ಛಾವಣಿಯ ತೊಲೆಗಳಿಗೆ ಒಂದು ಪೈಪು ತೂಗುಹಾಕಿ ಅದಕ್ಕೆ ದೀಪ ಕಟ್ಟಬೇಕಿತ್ತು.

ಆ ಛಾವಣಿ ನನ್ನದು. ಎರಡೂ ಕಡೆಗೆ ಇಳಿಜಾರು. ನಡುವಿನ ಎತ್ತರದಿಂದ ಗೋಡೆಯವರೆಗೆ ಇಳಿಯುವ ತೊಲೆಗಳು ಕಡೆಗೆ ಏಳರಂತೆ ಹದಿನಾಲ್ಕು. ಮದುವೆಗೆ ಮೊದಲು ನಾನೇ ಕೊಯ್ದು, ನಾನೇ ಏರಿಸಿ ಕೂರಿಸಿದ್ದೆ. ಮನೆಗೆ ಯಾರೇ ಬರಲಿ, ಮಾವ ಅವರನ್ನು ಗೋದಾಮಿಗೆ ಕರೆದೊಯ್ದು ತಲೆಯೆತ್ತಿಸಿ ತೋರಿಸುತ್ತಿದ್ದರು. “ಹದಿನಾಲ್ಕು ತೊಲೆ. ಒಂದೊಂದೂ ಒಂದೇ ಮರ, ಎಲ್ಲೂ ತೇಪೆ ಇಲ್ಲ. ಇದನ್ನ ನೋಡೇ ದೊಡ್ಡ ಮಗಳನ್ನ ಇವರಿಗೆ ಕೊಟ್ಟಿದ್ದು.” ಆ ಮಾತು ಬಂದಾಗಲೆಲ್ಲ ನಾನು ನನ್ನ ಚಪ್ಪಲಿ ನೋಡುತ್ತ ನಿಲ್ಲುತ್ತಿದ್ದೆ. ಮಾವ ಅದನ್ನು ವಿನಯ ಅಂದುಕೊಂಡಿದ್ದರು.

ಎಡಗಡೆಯ ನಾಲ್ಕನೆಯ ತೊಲೆ ಒಂದೇ ಮರ ಅಲ್ಲ. ತಪ್ಪು ಗುರುತಿಗೆ ಗರಗಸವಿಟ್ಟು ಐದಡಿ ಗಿಡ್ಡ ಕೊಯ್ದಿದ್ದೆ. ಮತ್ತೊಂದು ತುಂಡನ್ನು ಓರೆಯಾಗಿ ಕೊಯ್ದು ಬೆಸೆದು, ಸಂದಿಗೆ ಪುಟ್ಟಿ ತುಂಬಿ, ಮೇಲೆ ಕಪ್ಪು ಬಣ್ಣ ಬಳಿದೆ. ಆ ವಾರವೇ ಮಾವ ಮಗಳ ಮಾತೆತ್ತಿದ್ದರು. ಅಳತೆ ತಪ್ಪುವ ಬಡಗಿಗೆ ಹೆಣ್ಣು ಕೊಡುವವರು ಯಾರು? ಬಾಯಿ ಮುಚ್ಚಿಕೊಂಡೆ. ಹೆಂಚಿನ ಭಾರ ಎಲ್ಲ ತೊಲೆಗಳಿಗೂ ಹಂಚಿಹೋಗಿದ್ದರಿಂದ ಅದೂ ಬಾಯಿ ಮುಚ್ಚಿಕೊಂಡೇ ಇತ್ತು.

ಹದಿನೆಂಟು ವರ್ಷದಲ್ಲಿ ಮಾವ ಆ ತೊಲೆಗಳಿಗೆ ಕ್ಯಾಲೆಂಡರಿಗೆಂದು ಕೂಡ ಒಂದು ಮೊಳೆ ಹೊಡೆಯಲು ಬಿಟ್ಟವರಲ್ಲ. ಷಡ್ಡಕ ಟೀ ಕುಡಿಯುತ್ತ ಕೇಳಿದ. “ಮಾವ, ಇಳಿಜಾರಲ್ವಾ, ಪಟ್ಟಿ ಸುತ್ತಿದ್ರೆ ಕೆಳಕ್ಕೆ ಜಾರ್ಕೊಂಡು ಬರತ್ತೆ. ತಡೆಯೋಕೆ ಕೆಳಗಡೆ ಒಂದೊಂದು ಮರದ ತುಂಡು ಕೂರಿಸ್ಬೇಕು. ಎರಡೆರಡು ತಿರುಪು ಮೊಳೆ, ಅಷ್ಟೇ. ನಾಟಕ ಮುಗಿದ ಮೇಲೆ ತೆಗೆದುಬಿಡ್ತೀನಿ.”

“ಅದಕ್ಕೇನಂತೆ, ಮಾಡ್ಕೊ. ನಿನಗೆ ಗೊತ್ತಿಲ್ದೇ ಇರತ್ತಾ?” ಅಂದರು ಮಾವ.

ನನಗೆ ಇಷ್ಟು ವರ್ಷವಾದರೂ ‘ನೀವು’, ‘ಬನ್ನಿ’, ‘ಕೂತ್ಕೊಳ್ಳಿ’. ಅವನಿಗೆ ಎಂಟೇ ತಿಂಗಳಿಗೆ ‘ನೀನು’. ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಬೆಳಗ್ಗೆಯಿಂದಲೇ ತಪ್ಪು ಹುಡುಕಲು ಶುರು ಮಾಡಿದೆ. ಪೈಪು ತೆಳುವಾಯಿತು ಅಂದೆ. ಅವನು ಅದರ ಗೋಡೆಯ ದಪ್ಪ ಅಳೆದು ತೋರಿಸಿದ. ಏಣಿ ಜಾರುತ್ತದೆ ಅಂದೆ. ಕಾಲಿಗೆ ರಬ್ಬರು ಕಟ್ಟಿದ. ಬಟ್ಟೆಯ ಪಟ್ಟಿಯನ್ನು ನಂಬುವುದು ಹೇಗೆ ಅಂದದ್ದಕ್ಕೆ, ಬಲಗಡೆಯ ಒಂದು ತೊಲೆಗೆ ಪಟ್ಟಿ ಸುತ್ತಿ, ಅದನ್ನು ಹಿಡಿದು ಎರಡೂ ಕಾಲು ಎತ್ತಿ ತೂಗಾಡಿದ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ.

“ಇನ್ನೇನಾದ್ರೂ ಇದ್ಯಾ ಅಣ್ಣಾ?” ಅಂದ. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

ಆಮೇಲೆ ಅವನು ಕುರ್ಚಿಯ ನೇರಕ್ಕೆ ದಾರ ಇಳಿಬಿಟ್ಟು ನೋಡಿ, ಎಡಗಡೆಯ ಮೂರನೆಯ ತೊಲೆಗೂ ನಾಲ್ಕನೆಯ ತೊಲೆಗೂ ಸೀಮೆಸುಣ್ಣದ ಗುರುತು ಹಾಕಿ ಇಳಿದುಬಂದ.

“ಅಣ್ಣಾ, ತುಂಡು ನೀವೇ ಕೂರಿಸಿ. ಮರದ ಮೇಲೆ ನಿಮ್ಮ ಕೈ ಬಿದ್ರೇನೇ ಚೆಂದ.”

ಏಣಿ ಹತ್ತಿದೆ. ಮೂರನೆಯ ತೊಲೆಯಲ್ಲಿ ಕೊರೆದಾಗ ಕೆಂಪು ಹುಡಿ ಉದುರಿತು. ನಾಲ್ಕನೆಯದರಲ್ಲಿ ಕೊರೆದಾಗ ಬಂದದ್ದು ಬಿಳಿ ಹುಡಿ. ಪುಟ್ಟಿ. ಗುರುತು ಸರಿಯಾಗಿ ನನ್ನ ಸಂದಿಯ ಮೇಲೇ ಬಿದ್ದಿತ್ತು. ಬೇಗ ಅಂಗೈ ಒಡ್ಡಿ ಹುಡಿಯನ್ನು ಹಿಡಿದು ಅಂಗಿಯ ಜೇಬಿಗೆ ಹಾಕಿಕೊಂಡೆ. ಮೊಳೆ ತಿರುಗಿಸಿ ತುಂಡು ಕೂರಿಸಿದೆ. ಕೆಳಗಿಳಿದೆ.

“ನಾಲ್ಕನೇದು ಬೇಡ. ಐದನೇದಕ್ಕೆ ಕಟ್ಟು,” ಅಂದೆ.

“ಯಾಕಣ್ಣಾ?”

“ಬೇಡ ಅಂದ್ರೆ ಬೇಡ.”

“ಐದನೇದಕ್ಕೆ ಈ ಪೈಪು ಸಾಲಲ್ಲ, ಅಣ್ಣಾ. ಬೇರೆ ಉದ್ದದ್ದು ತರ್ಬೇಕು.”

ಹೆಂಡತಿ ಸಂಭಾಷಣೆಯ ಹಾಳೆ ಮಡಚಿ ನನ್ನನ್ನು ನೋಡಿದಳು. “ರೀ, ಬೆಳಗ್ಗೆಯಿಂದ ನೋಡ್ತಾನೇ ಇದ್ದೀನಿ. ಪೈಪು ಆಯ್ತು, ಏಣಿ ಆಯ್ತು, ಪಟ್ಟಿ ಆಯ್ತು, ಈಗ ತೊಲೆನಾ? ಹೊಟ್ಟೆಯುರಿಗೂ ಒಂದು ಮಿತಿ ಇರ್ಬೇಕು.”

ಮಾವ ಕೆಮ್ಮಿ ಬೇರೆ ಕಡೆ ತಿರುಗಿದರು. ಬೆಳಗ್ಗೆಯಿಂದ ಹೇಳಿದ ಮೂರು ಸುಳ್ಳು ನೆಪಗಳು ನನ್ನ ನಾಲ್ಕನೆಯ ಮಾತನ್ನು ನುಂಗಿಹಾಕಿದ್ದವು. ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಆಗಲಿ, ಅಂದುಕೊಂಡೆ. ಕಟ್ಟಲಿ. ಪೈಪು ಒಂದು ಕಡೆಗೆ ವಾಲಿ, ನಾಲ್ಕು ದೀಪ ಒಡೆದು, ಇವನ ಜಾಣತನ ಎಲ್ಲರಿಗೂ ಕಾಣಲಿ. ದೀಪ ಕಟ್ಟಿದವನು ಅವನು, ಮಾತು ಬರುವುದೂ ಅವನ ಮೇಲೆಯೇ. ಆ ಯೋಚನೆ ಒಂದು ಗಳಿಗೆ ನಾಲಿಗೆಗೆ ರುಚಿಯಾಗಿಯೇ ಇತ್ತು.

ಪೈಪು ಮೇಲೇರಿತು. ರಸಮಟ್ಟ ಇಟ್ಟು ನೋಡಿ ಷಡ್ಡಕ ಒಂದೊಂದಾಗಿ ದೀಪ ಕಟ್ಟಿದ. ಒಂದೊಂದೂ ಎಂಟು ಕಿಲೋ. ನಾನು ಕೆಳಗೆ ನಿಂತು ಎಣಿಸುತ್ತಿದ್ದೆ. ಐದು, ಆರು, ಏಳು. ಎಂಟನೆಯದು ಕಟ್ಟಿ ಮುಗಿಸಿ, ಏಣಿ ಸರಿಸಿ, “ಅಕ್ಕಾ, ಒಂದ್ಸಲ ಕೂತ್ಕೊಳ್ಳಿ, ಬೆಳಕು ನೋಡೋಣ,” ಅಂದ.

ನನ್ನ ಹೆಂಡತಿ ಹೋಗಿ ಕುರ್ಚಿಯಲ್ಲಿ ಕೂತಳು. ಬೆಳಕು ಬಿತ್ತು. ಅವಳ ಕಿವಿಯ ಹತ್ತಿರದ ಬಿಳಿ ಕೂದಲು ಕೂಡ ಬೆಳ್ಳಿಯ ಹಾಗೆ ಕಂಡಿತು. ನನ್ನ ಹೆಂಡತಿಯನ್ನು ಇಷ್ಟು ಚೆಂದ ತೋರಿಸಲು ಇನ್ನೊಬ್ಬ ಬರಬೇಕಾಯಿತಲ್ಲ ಎಂದು ಹೊಟ್ಟೆಯೊಳಗೆ ಮತ್ತೊಮ್ಮೆ ಉರಿಯಿತು. ತಲೆಯೆತ್ತಿ ನೋಡಿದೆ. ನಾಲ್ಕನೆಯ ತೊಲೆಯ ಕಪ್ಪು ಬಣ್ಣದಲ್ಲಿ ಓರೆಯಾಗಿ ಒಂದು ಬಿಳಿ ಗೆರೆ ಎದ್ದಿತ್ತು. ಕೂದಲೆಳೆಯಷ್ಟು. ಬೆಳಗ್ಗೆ ಅದು ಇರಲಿಲ್ಲ.

“ಏಳು,” ಅಂದೆ.

“ಮತ್ತೆ ಏನ್ರೀ ನಿಮ್ದು?”

“ಏಳೇ, ಅಲ್ಲಿಂದ ಈಚೆ ಬಾ. ಅದು ಒಂದೇ ಮರ ಅಲ್ಲ. ಎರಡು ತುಂಡು. ನಾನೇ ಕೊಯ್ದು ತಪ್ಪಿ, ನಾನೇ ಬೆಸೆದಿದ್ದು.”

ಯಾರೂ ಅಲುಗಾಡಲಿಲ್ಲ. ಇದೂ ಒಂದು ನೆಪ ಅಂದುಕೊಂಡರೇನೋ. ಜೇಬಿಗೆ ಕೈ ಹಾಕಿ ಬಿಳಿ ಹುಡಿಯನ್ನು ತೆಗೆದು ಮಾವನ ಮುಂದೆ ಹಿಡಿದೆ. “ಮರ ಕೊರೆದ್ರೆ ಇದು ಬರಲ್ಲ, ಮಾವ.”

ಹೆಂಡತಿ ಎದ್ದು ಬಂದಳು. ಷಡ್ಡಕ ಪೈಪಿನ ಕೆಳಗೆ ಎರಡು ಕಂಬ ಕೊಟ್ಟು, ದೀಪಗಳನ್ನು ಒಂದೊಂದಾಗಿ ಇಳಿಸಿದ. ಆಮೇಲೆ ಏಣಿ ಹತ್ತಿ ಉಗುರಿನಿಂದ ಆ ಗೆರೆ ಕೆರೆದು ನೋಡಿದ. “ಎಂಥ ಬೆಸುಗೆ ಹಾಕಿದ್ದೀರಣ್ಣಾ. ಹದಿನೆಂಟು ವರ್ಷ ಹೆಂಚು ಹೊತ್ತಿದೆಯಲ್ಲ,” ಅಂದ. ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾವ ತಲೆಯೆತ್ತಿ ತೊಲೆಗಳನ್ನು ಒಂದೊಂದಾಗಿ ನೋಡಿದರು. “ಮಿಕ್ಕಿದ ಹದಿಮೂರು?”

“ಒಂದೇ ಮರ.”

“ಅಲ್ಲಯ್ಯಾ, ಮೇಲೆ ಹತ್ತಿ ತೂತು ಕೊರೆದು, ಗೊತ್ತಿದ್ದೂ ಗೊತ್ತಿದ್ದೂ ಅದರ ಕೆಳಗೆ ನನ್ನ ಮಗಳನ್ನ ಕೂರೋಕೆ ಬಿಟ್ಯಾ ನೀನು?”

ಅವರ ಬಾಯಿಂದ ನನಗೆ ಮೊದಲ ಸಲ ‘ನೀನು’ ಬಂದದ್ದು ಹಾಗೆ.

ಮಧ್ಯಾಹ್ನ ಉದ್ದದ ಪೈಪು ತಂದು ಮೂರನೆಯ ಮತ್ತು ಐದನೆಯ ತೊಲೆಗೆ ತೂಗುಹಾಕಿದೆವು. ಉದ್ದ ಹೆಚ್ಚಿದ್ದರಿಂದ ಪೈಪು ಬಾಗೀತೆಂದು ಷಡ್ಡಕ ಎಂಟರ ಬದಲು ಐದೇ ದೀಪ ಕಟ್ಟಿದ. ನಾಲ್ಕನೆಯ ತೊಲೆಯ ಎರಡೂ ಪಕ್ಕಕ್ಕೆ ನಾನು ಹಲಗೆ ಬಿಗಿದು ಬೋಲ್ಟು ಹಾಕಿದೆ, ಎಲ್ಲರಿಗೂ ಕಾಣುವ ಹಾಗೆ, ಬಣ್ಣ ಬಳಿಯದೆ. ಮೂರು ಸಂಜೆ ನಾಟಕ ನಡೆಯಿತು. ಜನ ನನ್ನ ಹೆಂಡತಿಗೆ ಚಪ್ಪಾಳೆ ತಟ್ಟಿದರು, ಬೆಳಕನ್ನೂ ಹೊಗಳಿದರು. ಬೆಳಕಿನ ಮಾತು ಬಂದಾಗ ನನಗೆ ಈಗಲೂ ಒಳಗೆ ಚುರುಕ್ಕೆನ್ನುತ್ತದೆ. ಅದು ಹೋಗಿದೆ ಎಂದು ಹೇಳಿದರೆ ಅದೂ ಒಂದು ತೇಪೆಯಾದೀತು.

ಉದ್ದದ ಪೈಪಿಗೆ ನನ್ನ ಕೈಯಿಂದ ಸಾವಿರದ ಎಂಟುನೂರು ಹೋಯಿತು. ಮಾವ ಈಗ ಯಾರನ್ನೂ ಛಾವಣಿ ನೋಡಲು ಕರೆದೊಯ್ಯುವುದಿಲ್ಲ. ಹೆಂಡತಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು, ಎಂಟನೆಯ ದಿನ ಮಾತಾಡಿದಳು.