ಪೊಣಿಕಿ ಮರದ ಬುಡದ ಹುಲ್ಲು

ಹೈದರಾಬಾದಿನ ಹೊರವರ್ತುಲ ರಸ್ತೆಯಾಚೆಯ ಕುರುಚಲು ಗುಡ್ಡದಲ್ಲಿ ಎರಡೇ ಪೊಣಿಕಿ ಮರಗಳಿದ್ದವು. ನಿರ್ಮಲ್ ಗೊಂಬೆ ಕೆತ್ತುತ್ತಾರಲ್ಲ, ಆ ಹಗುರ ಮರ. ಈಗ ಹುಡುಕಿದರೂ ಸಿಗುವುದು ಕಷ್ಟ. ಭಾನುವಾರ ಗುಡ್ಡ ಸುತ್ತುವ ಬಳಗದವರು ಒಂದನ್ನು ಕೂಕಟ್‌ಪಲ್ಲಿಯ ಸ್ನೇಹಲತಾಗೆ ನೋಡಿಕೊಳ್ಳಲು ವಹಿಸಿದ್ದರು, ಇನ್ನೊಂದನ್ನು ಅವಳ ಮೈದುನನ ಹೆಂಡತಿ, ಮಿಯಾಪುರದ ಐಶ್ವರ್ಯಾಗೆ. ನೆಗೆಣ್ಣಿಯನ್ನು ಬಳಗಕ್ಕೆ ಕರೆತಂದವಳೂ ಸ್ನೇಹಲತಾಳೇ. ಬೇಲಿಯ ಮೇಲಿನ ಓತಿಯನ್ನು ಕರೆದು ಮೈಮೇಲೆ ಬಿಟ್ಟುಕೊಂಡಂತಾಯಿತು.

ಹೋದ ವರ್ಷ ಐಶ್ವರ್ಯಾಳ ಮರ ಮೈತುಂಬ ಹೂ ಬಿಟ್ಟು ಎಲ್ಲರ ಫೋನಿನಲ್ಲಿ ಕೂತಿತು. ಸ್ನೇಹಲತಾಳ ಮರದ ಹೂ ಕಂಡೂ ಕಾಣದಷ್ಟು. ಕಾಯಿ ಹಿಡಿದದ್ದು ಮಾತ್ರ ಇವಳದೇ. ಆದರೆ ಆ ಬೀಜ ಮೊಳೆಯಲಿಲ್ಲ. ಈ ವರ್ಷ ಸಸಿ ಎಬ್ಬಿಸಿ ನೆಗೆಣ್ಣಿಯ ಮುಖಕ್ಕೆ ಹಿಡಿಯಬೇಕೆಂಬುದೇ ಅವಳ ಜಪವಾಗಿತ್ತು.

ಬೇಸಿಗೆಗೆ ಮೊದಲು ಮರಗಳ ಬುಡದ ಒಣಹುಲ್ಲು ಹೆರೆದು ದೂರ ಹಾಕುವುದು ಬಳಗದ ಪದ್ಧತಿ. ಬೀದರಿನ ತವರಿಗೆ ಹೊರಟಿದ್ದ ಐಶ್ವರ್ಯಾ ಫೋನ್ ಮಾಡಿದಳು: "ಅಕ್ಕಾ, ನನ್ನ ಗಿಡದ ಬುಡಾನೂ ಒಂಚೂರು ಹಸನ ಮಾಡ್ರಿ."

"ಆತು ತಗೋವಾ, ಅದೇನ್ ದೊಡ್ಡ ಕೆಲಸ," ಎಂದಳು ಸ್ನೇಹಲತಾ. ಹೋಗಿ ತನ್ನ ಮರದ ಬುಡವನ್ನು ದೇವರಮನೆಯಂತೆ ಗುಡಿಸಿದಳು. ಆ ಹುಲ್ಲನ್ನೆಲ್ಲ ತಬ್ಬಿ ಎತ್ತಿ ನೆಗೆಣ್ಣಿಯ ಮರದ ಬುಡಕ್ಕೆ ಒಟ್ಟಿದಳು. ಬಂದು ತಾನೇ ಬಳಿದುಕೊಳ್ಳಲಿ, ಫೋಟೊ ತೆಗೆಸಿಕೊಳ್ಳಲು ಬರುತ್ತದಲ್ಲ!

ಐಶ್ವರ್ಯಾ ಬರುವ ಮೊದಲೇ ಬೆಂಕಿ ಬಂತು. ಯಾರೋ ಬೀಡಿ ಎಸೆದರಂತೆ. ಸ್ನೇಹಲತಾಳ ಮರದ ಸುತ್ತ ಬೋಳು ನೆಲ ಸಿಕ್ಕಿ ಪಕ್ಕಕ್ಕೆ ಸರಿಯಿತು. ಅತ್ತ ಒಟ್ಟಿದ ಹುಲ್ಲು ಸಿಕ್ಕಿತು. ಮೊಗ್ಗು ಬಿಡುವ ಮೊದಲೇ ಐಶ್ವರ್ಯಾಳ ಮರ ಇದ್ದಿಲಾಯಿತು.

ಭಾನುವಾರ ಬಳಗವೆಲ್ಲ ಸುಟ್ಟ ಮರದ ಸುತ್ತ ನಿಂತು ಐಶ್ವರ್ಯಾಳಿಗೆ ಸಮಾಧಾನ ಹೇಳುತ್ತಿತ್ತು. ಸತ್ತ ಮೇಲೂ ಅವಳ ಮರಕ್ಕೇ ಮರ್ಯಾದೆ! ಸ್ನೇಹಲತಾಗೆ ತಡೆಯಲಾಗಲಿಲ್ಲ.

"ನನ್ನ ಗಿಡಾನೂ ನೋಡ್ರಿ, ಚಲೋ ಐತಿ. ಈ ಸಲ ಸಸಿ ನಾನ ಕೊಡ್ತೀನಿ."

ಅರಣ್ಯ ಇಲಾಖೆಯಿಂದ ನಿವೃತ್ತರಾದ ರವಿಶಂಕರ್ ತಲೆಯಾಡಿಸಿದರು. "ಎಲ್ಲಿ ಸಸಿ, ತಾಯಿ? ಇದ್ರಾಗ ಗಂಡು ಗಿಡಾನ ಬ್ಯಾರೆ, ಹೆಣ್ಣು ಗಿಡಾನ ಬ್ಯಾರೆ. ನಿಮ್ದು ಹೆಣ್ಣು, ಸುಟ್ಟಿದ್ದು ಗಂಡು. ಈ ಗುಡ್ಡದಾಗ ಇನ್ನೊಂದಿಲ್ಲ. ನಿಮ್ಮ ಗಿಡ ಇನ್ನ ಕಾಯಿ ಹಿಡಿಯಂಗಿಲ್ಲ."

ಸ್ನೇಹಲತಾ ತನ್ನ ಮರದತ್ತ ತಿರುಗಿ ಅತ್ತೇಬಿಟ್ಟಳು. ಐಶ್ವರ್ಯಾ ಓಡಿಬಂದು ಅವಳ ಕೈ ಹಿಡಿದಳು.

"ಅಳಬ್ಯಾಡ್ರಿ ಅಕ್ಕಾ. ನೀವು ಎರಡೂ ಬುಡ ಹಸನ ಮಾಡಿದ್ರಿ. ಬೆಂಕಿಗೆ ಏನ್ ಹೇಳಾಕಾಗ್ತೈತಿ?"

ಸ್ನೇಹಲತಾ ನಿಜಕ್ಕೂ ಅಳುತ್ತಿದ್ದಳು. ಒಳ್ಳೆಯತನದಲ್ಲೂ ನೆಗೆಣ್ಣಿಯೇ ಮುಂದಾದಳಲ್ಲ ಎಂಬ ಸಂಕಟ ಆ ಅಳುವಿನಲ್ಲಿ ಅರ್ಧದಷ್ಟಿತ್ತು.