ಟೋಕಿಯೋ ಹಾಸ್ಟೆಲ್ಲಿನ ಸ್ನಾನ

ಟೋಕಿಯೋದ ಅಗ್ಗದ ಹಾಸ್ಟೆಲ್ಲೊಂದರಲ್ಲಿ ನಾನು ಹೊಡೆದ ಒಂದೇ ಒಂದು ಗೊರಕೆಗೆ ಜಪಾನಿನ ಭೂಕಂಪ ಇಲಾಖೆಯ ಮುಳ್ಳು ನಾಲ್ಕೂವರೆಗೆ ಏರಿ ಅಲ್ಲೇ ನಿಂತುಬಿಟ್ಟಿತು. ಮೂರು ರೈಲುಗಳನ್ನು ತಡೆದರು. ಬೆಳಿಗ್ಗೆ ಕೋಟು ತೊಟ್ಟ ಇಬ್ಬರು ಅಧಿಕಾರಿಗಳು ನನ್ನ ಮಂಚದ ಮುಂದೆ ಸೊಂಟ ಬಗ್ಗಿಸಿ, ‘ದಯವಿಟ್ಟು ಮಗ್ಗುಲಾಗಿ ಮಲಗಬೇಕು’ ಎಂದು ಬೇಡಿಕೊಂಡರು. ನಾನು ಉದಾರಿ. ಒಪ್ಪಿದೆ.

ಇದನ್ನು ನಾನು ನಾವಿದ್ದ ಆಂಗ್ ಮೋ ಕಿಯೋ ಬಡಾವಣೆಯ ಫ್ಲ್ಯಾಟುಗಳ ಕೆಳಗೆ ಜನ ಹರಟೆಗೆ ಸೇರುವ ವಾಯ್ಡ್ ಡೆಕ್ಕಿನಲ್ಲಿ, ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ, ಬಸ್ಸಿಗೆ ಕಾಯುವಾಗ ಎರಡು ವರ್ಷ ಹೇಳಿದ್ದೇನೆ. ಯಾರೂ ನಂಬಲಿಲ್ಲ, ನಿಜ. ಆದರೆ ಉಗ್ಗಪ್ಪನೆಂಬ ನಾನು ಜಪಾನಿಗೆ ಹೋಗಿಬಂದವನು ಎಂಬುದನ್ನು ಮಾತ್ರ ಎಲ್ಲರೂ ನಂಬಿದ್ದರು. ಯಾಕೆ ನಂಬಬಾರದು? ತೊಂಬತ್ತೊಂದರಲ್ಲಿ ನಾನು ರಜೆ ಹಾಕಿ ಹೊರಟಾಗ ನನ್ನ ರೂಮ್‌ಮೇಟ್ ಸುಕೇಶ್ ಸ್ವತಃ ಏರ್‌ಪೋರ್ಟಿಗೆ ಬಂದು ಕೈಬೀಸಿದ್ದ.

ತೊಂಬತ್ತಮೂರರಲ್ಲಿ ನಮ್ಮ ಸರ್ಕ್ಯೂಟ್ ಬೋರ್ಡ್ ಫ್ಯಾಕ್ಟರಿಯವರು ಟೆಸ್ಟಿಂಗ್ ವಿಭಾಗದಿಂದ ಒಬ್ಬನನ್ನು ಆರು ತಿಂಗಳ ತರಬೇತಿಗೆ ಒಸಾಕಾಕ್ಕೆ ಕಳಿಸುವುದೆಂದು ಗೊತ್ತಾಯಿತು. ಈ ಒಂದು ವಿಷಯದಲ್ಲಿ ನನ್ನ ಮಾತಿಗೆ ಉಪ್ಪುಖಾರ ಬೆರೆಸಿಲ್ಲ: ನನಗೆ ಹೋಗಬೇಕಿತ್ತು. ಹೆಸರು ಆರಿಸುವವರು ನಮ್ಮ ವಿಭಾಗದ ಮುಖ್ಯಸ್ಥ ದ್ವಾರಕನಾಥ್. ಅವರು ಶನಿವಾರ ಸುಕೇಶನನ್ನೂ ನನ್ನನ್ನೂ ಊಟಕ್ಕೆ ಕರೆದಾಗ ನಾನು ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದೆ. ಇನ್ನೇನು, ಊಟಕ್ಕೆ ಕರೆದು ಕೆಟ್ಟ ಸುದ್ದಿ ಹೇಳುತ್ತಾರೆಯೇ?

ಹೇಳಿದರು. ಮಜ್ಜಿಗೆಹುಳಿ ಬಡಿಸಿಕೊಳ್ಳುತ್ತಲೇ ಹೇಳಿದರು.

“ಸುಕೇಶ್, ನೀನೇ ಕಣಯ್ಯ ಹೋಗ್ತಿರೋದು. ಜಪಾನ್ ನೋಡ್ದೇ ಇರೋರಿಗೆ ಚಾನ್ಸ್ ಕೊಡಿ ಅಂತ ಮೇಲಿನೋರು ಹೇಳಿದ್ರು. ಉಗ್ಗಪ್ಪ ಹೇಗಿದ್ರೂ ಅರೆದು ಕುಡಿದಿದಾನೆ. ಸೋಮವಾರ ಫ್ಯಾಕ್ಸ್ ಮಾಡ್ತೀನಿ. ಫಸ್ಟ್ ಮಂತ್ ಬಜೆಟ್ ಹಾಸ್ಟೆಲ್‌ನಲ್ಲೇ ಇರ್ಬೇಕು. ಉಗ್ಗಪ್ಪ, ಸ್ವಲ್ಪ ಗೈಡ್ ಮಾಡಪ್ಪ.”

ಮಜ್ಜಿಗೆಹುಳಿಗೆ ಇನ್ನೊಂದಿಷ್ಟು ಅನ್ನ ಕಲಸಿದೆ. ಆಮೇಲೆ ಹೊಳೆಯಿತು: ಫ್ಯಾಕ್ಸ್ ಹೋಗುವುದು ಸೋಮವಾರ. ಸುಕೇಶ ಪುಕ್ಕಲ. ಅಷ್ಟರೊಳಗೆ ಅವನೇ ‘ಒಲ್ಲೆ’ ಎಂದುಬಿಟ್ಟರೆ?

“ಹಾಸ್ಟೆಲ್ಲಾ?” ನಾನು ನಿಟ್ಟುಸಿರು ಬಿಟ್ಟೆ. “ಪಾತ್ರೆ ಸ್ಟ್ಯಾಂಡ್ ನೋಡಿದೀಯಲ್ಲ ಸುಕೇಶ? ಮಂಚಗಳನ್ನ ಹಾಗೆ ಜೋಡಿಸಿರ್ತಾರೆ, ಒಂದರ ಮೇಲೊಂದು ಹನ್ನೆರಡು. ಮೇಲಿನೋನು ಸೀನಿದ್ರೆ ಕೆಳಗಿನ ಹನ್ನೊಂದು ಜನಕ್ಕೂ ನೆಗಡಿ.”

“ಸುಮ್ನಿರೋ ಮಾರಾಯ,” ಎಂದ ಸುಕೇಶ. ಆದರೆ ಕೈ ಎಲೆಯ ಮೇಲೆಯೇ ನಿಂತಿತ್ತು.

“ಗಂಟೆ ಒಂಬತ್ತಕ್ಕೆ ಬಾಗಿಲು ಲಾಕ್. ಒಂದು ನಿಮಿಷ ಲೇಟಾಗಿ ಬಂದೆ ಅಂತ ನಾನು ಹದಿನೇಳನೇ ಫ್ಲೋರಿಗೆ ಪೈಪ್ ಹಿಡ್ಕೊಂಡು ಹತ್ತಿದೀನಿ. ಹಿಮ ಬೇರೆ ಬೀಳ್ತಿತ್ತು.”

“ನೀನು ಹೋಗಿದ್ದು ಜುಲೈನಲ್ಲಿ ಅಲ್ವಾ?”

“ಜಪಾನಿನ ಜುಲೈ ಕಣೋ ಅದು!”

ಅಷ್ಟರಲ್ಲಿ ದ್ವಾರಕನಾಥರ ಹೆಂಡತಿ ಪದ್ಮಜಾ ಸಂಡಿಗೆ ತಂದರು. ಮೈಸೂರಿನಿಂದ ಬಂದು ತಿಂಗಳಾಗಿತ್ತಷ್ಟೆ. ನನ್ನ ಕಥೆಗಳು ಅವರಿಗೆ ಹೊಸವು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ.

“ಸ್ನಾನ ಹೇಗಿತ್ತು ಉಗ್ಗಪ್ಪ ಅವ್ರೇ?”

ಹೊಸ ಕಿವಿ ಸಿಕ್ಕರೆ ನನ್ನ ನಾಲಿಗೆಗೆ ರೆಕ್ಕೆ. “ಟಬ್ಬಾ ಮೇಡಂ ಅದು? ಕೆರೆ! ಎಲ್ಲರಿಗೂ ಒಂದೇ. ನಾನು ಒಳಗೆ ಇಳಿದು ಸೋಪು ಹಚ್ಚಿ ಉಜ್ಜಿದೆ ನೋಡಿ, ನೊರೆ ಕಿಟಕಿ ದಾಟಿ ರೋಡಿಗೆ ಹೋಯ್ತು. ಸುತ್ತ ಕೂತಿದ್ದ ಜಪಾನಿಗಳೆಲ್ಲ ಚಪ್ಪಾಳೆ.”

“ಟಬ್ ಒಳಗೇ ಸೋಪು ಹಚ್ಕೊಂಡ್ರಾ?”

“ಮತ್ತೆ? ಫಾರಿನ್ ಅಲ್ವಾ ಮೇಡಂ!”

ಅವರು ಸಂಡಿಗೆಯ ತಟ್ಟೆಯನ್ನು ಕೆಳಗಿಟ್ಟು ನಗತೊಡಗಿದರು. “ನಮ್ಮ ತಂದೆ ಕೋಬೆಯಲ್ಲಿ ಕೆಲಸದಲ್ಲಿದ್ರು. ನಾನು ಎರಡು ವರ್ಷ ಅಲ್ಲಿದ್ದೆ. ಟಬ್ಬಿಗೆ ಸೋಪು ಹಾಕಿದ್ರೆ ಚಪ್ಪಾಳೆ ತಟ್ಟಲ್ಲ, ಎದ್ದು ಆಚೆ ಹೋಗಿ ಅಂತಾರೆ. ಮೊದಲು ಮಣೆ ಮೇಲೆ ಕೂತು, ಬೋಗುಣಿಯಲ್ಲಿ ನೀರು ಹೊಯ್ಕೊಂಡು, ತಿಕ್ಕಿ ತೊಳ್ಕೊಂಡು, ಆಮೇಲೆ ಟಬ್ಬಿಗೆ ಇಳಿಯೋದು. ಒಂದು ದಿನ ಹಾಸ್ಟೆಲ್‌ನಲ್ಲಿ ಇದ್ದೋರಿಗೂ ಇದು ಗೊತ್ತಿರುತ್ತೆ.”

ಮಣೆ, ನೀರು ಹೊಯ್ದುಕೊಳ್ಳುವುದು! ಉಡುಪಿಯ ನಮ್ಮನೆ ಬಚ್ಚಲಲ್ಲಿ ನಾನು ಇಪ್ಪತ್ತು ವರ್ಷ ಮಾಡಿದ್ದು ಅದನ್ನೇ. ಮನೆಯಲ್ಲಿ ಮಾಡಿದ್ದನ್ನೇ ಹೇಳಿದ್ದರೆ ಗೆದ್ದುಬಿಡುತ್ತಿದ್ದೆ. ಫಾರಿನ್ ಮಾಡಲು ಹೋಗಿ ಜಾರಿದೆ.

“ಉಗ್ಗಪ್ಪ,” ದ್ವಾರಕನಾಥ್ ನಗುತ್ತಿರಲಿಲ್ಲ, “ನೀನು ಜಪಾನಿಗೆ ಹೋಗಿದ್ಯೋ ಇಲ್ವೋ?”

“ಹೋಗಿಲ್ಲ ಸರ್. ಹೊರಡೋ ಹಿಂದಿನ ದಿನ ವೀಸಾ ಇಲ್ಲ ಅಂದ್ಬಿಟ್ರು.”

“ಲೋ!” ಸುಕೇಶ ಎದ್ದೇ ನಿಂತ. “ನಾನು ಟಾಟಾ ಮಾಡಿದ್ದು ಯಾರಿಗೆ?”

“ನೀನು ಆ ಕಡೆ ತಿರುಗಿದ ಮೇಲೆ ಬಸ್ ಹತ್ತಿ ವಾಪಸ್ ಬಂದೆ. ಇದೇ ಊರಿನ ಬೆಂಕೂಲೆನ್ ಸ್ಟ್ರೀಟಲ್ಲಿ ಒಂದು ಹಾಸ್ಟೆಲ್ ಸೇರ್ಕೊಂಡೆ. ರೂಮಿಗೆ ಎಂಟು ಮಂಚ.”

“ಮತ್ತೆ ಜಪಾನಿಂದ ತಂದೆ ಅಂತ ಕೊಟ್ಟ ಕ್ಯಾಲ್ಕುಲೇಟರ್?”

“ಎದುರುಗಡೆ ಅಂಗಡಿ.”

ದ್ವಾರಕನಾಥ್ ತಲೆ ಅಲ್ಲಾಡಿಸಿದರು. “ಲಿಸ್ಟಲ್ಲಿ ಮೊದಲು ನಿನ್ನ ಹೆಸರೇ ಬರೆದಿದ್ದೆ. ಹೋಗಿಬಂದೋನು ಅಂತ ನಾನೇ ಹೊಡೆದು ಹಾಕಿದ್ದು.”

“ಫ್ಯಾಕ್ಸ್ ಇನ್ನೂ ಹೋಗಿಲ್ವಲ್ಲ ಸರ್...”

“ಹೋಗಿಲ್ಲ. ಆದ್ರೆ ಅಲ್ಲಿಂದ ವಾರವಾರ ಟೆಸ್ಟ್ ರಿಪೋರ್ಟ್ ಕಳಿಸ್ಬೇಕು. ನೀನು ಹತ್ತು ಬೋರ್ಡ್ ನೋಡಿ ಸಾವಿರ ಅಂತ ಬರೆದ್ರೆ ನಾನು ಯಾರಿಗೆ ಹೇಳ್ಕೊಳ್ಲಿ? ಸುಕೇಶನೇ ಹೋಗ್ಲಿ ಬಿಡು.”

ಎಲೆಯಲ್ಲಿದ್ದ ಅನ್ನವನ್ನು ಬಾಚಿ ಒಂದು ಕಡೆಗೆ ಸೇರಿಸಿದೆ.

ಪದ್ಮಜಾ ನನ್ನ ಎಲೆಗೆ ಎರಡು ಸಂಡಿಗೆ ಹಾಕಿದರು. “ಅಷ್ಟು ದಿನ ಒಬ್ಬರೇ ಅಲ್ಲಿ ಏನು ಮಾಡ್ತಿದ್ರಿ?”

“ಒಂದು ತಿಂಗಳು ಪೂರ್ತಿ ಮೇಡಂ, ನಾನು...”

“ಎಂಟು ದಿನ ರಜೆ ಕಣೋ ನಿಂದು,” ಎಂದ ಸುಕೇಶ.

“ಎಂಟು ದಿನ,” ಎಂದೆ. “ಏನೂ ಮಾಡ್ಲಿಲ್ಲ ಮೇಡಂ. ಆಚೆ ಹೋದ್ರೆ ಯಾರಾದ್ರೂ ಪರಿಚಯದೋರು ನೋಡ್ತಾರೆ ಅಂತ ಭಯ. ಬ್ರೆಡ್ ತಿನ್ಕೊಂಡು, ಕಿಟಕಿಯಿಂದ ನಮ್ಮ ಆಂಗ್ ಮೋ ಕಿಯೋ ಬಸ್ ಹೋಗೋದು ನೋಡ್ತಾ ಕೂತಿದ್ದೆ.”