ಮಗುಚಿ ನೇತುಹಾಕಿದ ಬೋರ್ಡು

ನಾನು ಒಂದು ಬೋರ್ಡು. ಮೈಮೇಲೆ ಬರೆದದ್ದನ್ನು ಬೀದಿಗೆ ಒದರುತ್ತಾ ನಿಲ್ಲುವುದು ನನ್ನ ಕಸುಬು. ಬೋರ್ಡಿಗೂ ಬೋರಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಈಗ ಹೇಳಹೊರಟಿರುವುದು ಸತ್ಯಕಥೆ. ನನ್ನಿಂದ ಬೇಕಾದಷ್ಟು ಸುಳ್ಳು ಹೇಳಿಸಿದ್ದಾಗಿದೆ, ಇನ್ನು ಸಾಕು.

ಹುಟ್ಟಿನಲ್ಲಿ ನಾನು ಎಣ್ಣೆ ಡಬ್ಬ. ಗಿಳಿ ಮಾರ್ಕು, ಕಡಲೆಕಾಯಿ ಎಣ್ಣೆ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಬೋಂಡ ತಿಂದವರ ಹೊಟ್ಟೆ ತುಂಬುತ್ತಾ ಹೋದಂತೆ ನನ್ನ ಹೊಟ್ಟೆ ಖಾಲಿಯಾಯಿತು. ಆಮೇಲೆ ಪೇಂಟರ್ ಷಫಿ ಸಾಹೇಬರು ನನ್ನನ್ನು ಕತ್ತರಿಸಿ, ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಒಂದು ಮಗ್ಗುಲಿಗೆ ಹಳದಿ ಬಳಿದು ಕೆಂಪಕ್ಷರದಲ್ಲಿ ‘ಮನೆ ಬಾಡಿಗೆಗಿದೆ’ ಎಂದು ಬರೆದರು. ಬಾಡಿಗೆ ಬೋರ್ಡಿಗೆ ಬಾಡಿ ಬಂದದ್ದು ಹೀಗೆ. ಇನ್ನೊಂದು ಮಗ್ಗುಲಲ್ಲಿ ಹಸಿರು ಗಿಳಿ ಹಾಗೆಯೇ ಉಳಿಯಿತು.

ನನ್ನ ಮೊದಲ ಯಜಮಾನರು ಡ್ರಾಯಿಂಗ್ ಮೇಷ್ಟ್ರು ಶಾಮಣ್ಣನವರು. ಮನೆ ಕೇಳಿ ಬಂದವರಿಗೆ ಅವರು ಹಾಕುತ್ತಿದ್ದದ್ದು ಒಂದೇ ಪ್ರಶ್ನೆ: “ನಿಮಗೆ ಸಂಗೀತ ಬರುತ್ತೇನ್ರಿ? ಬರೋದಿಲ್ವಾ? ಸದ್ಯ, ನಾಳೇನೇ ಬಂದುಬಿಡಿ.” ಅವರ ಕಾಲದಲ್ಲಿ ನಾನು ಗೇಟಿನ ಮೇಲೆ ನಾಲ್ಕು ದಿನ ಇದ್ದರೆ ಹೆಚ್ಚು. ಅವರು ಮನೆ ಮಾರಿದಾಗ ಮನೆಯ ಜೊತೆ ನಾನೂ ಸರ್ವಮಂಗಳಮ್ಮನವರ ಕೈಗೆ ಬಂದೆ. ಆಗ ಶುರುವಾಯಿತು ನನ್ನ ಸಿಟ್ಟು.

ಸರ್ವಮಂಗಳಮ್ಮನವರು ಯಾವುದೋ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಮುಂದಿನ ಭಾಗದಲ್ಲಿ ಅವರು, ಹಿಂದೆ ಬಾಡಿಗೆಯ ಒಂದು ರೂಮು, ಒಂದು ಅಡುಗೆಮನೆ. ನಡುಮನೆಯ ಕಿಟಕಿಯಿಂದ ಗೇಟಿನ ಮೇಲೆ ಕಣ್ಣಿಟ್ಟು ಕೂತಿರುತ್ತಿದ್ದರು. ತಮಗೆ ಬೇಡದವರು ಬರುವುದು ಕಂಡರೆ ಸರಸರನೆ ಬಂದು ನನ್ನನ್ನು ಮಗುಚಿ ಹಾಕುತ್ತಿದ್ದರು. ಅಕ್ಷರ ಒಳಕ್ಕೆ, ಗಿಳಿ ಹೊರಕ್ಕೆ. “ಮನೆ ಹೋಯ್ತು ಕಣ್ರೀ, ನಿನ್ನೆ ತಾನೇ ಹೋಯ್ತು.” ಮನೆ ಎಲ್ಲಿಗೂ ಹೋಗಿರುತ್ತಿರಲಿಲ್ಲ. ನನ್ನ ಹಿಂದೆಯೇ ಬೀಗ ಹಾಕಿಕೊಂಡು ನಿಂತಿರುತ್ತಿತ್ತು. ಹೆಸರು ಕೇಳಿ ಮಗುಚುವುದು, ಊಟ ಏನೆಂದು ಕೇಳಿ ಮಗುಚುವುದು, ಏನೂ ಕೇಳದೆ ಮುಖ ನೋಡಿಯೇ ಮಗುಚುವುದು. ದೋಸೆಯನ್ನೂ ಜನ ಒಂದು ಸಲ ಮಾತ್ರ ಮಗುಚುತ್ತಾರೆ!

ಹೀಗೆ ಆರಿಸಿ ಆರಿಸಿ ಆ ವರ್ಷ ಮನೆ ಐದು ತಿಂಗಳು ಖಾಲಿ ಬಿತ್ತು. ಆಗ ಬಂದಳು ಅಟಿಯೇನೊ.

ಕೆನ್ಯಾ ದೇಶದ ಕಿಸುಮು ಎಂಬ ಊರಿನವಳು. ಫಾರ್ಮಸಿ ಓದಲು ಬೆಂಗಳೂರಿಗೆ ಬಂದು ಐದು ದಿನವಾಗಿತ್ತು. ನಮ್ಮ ಬಡಾವಣೆಯ ಮೇನು, ಕ್ರಾಸು, ಕ್ರಾಸಿನ ಪಕ್ಕದ ‘ಎ’ ಕ್ರಾಸು ಎಲ್ಲ ಸುತ್ತಿ, ಬೆವರಿಳಿಸಿಕೊಂಡು, ನನ್ನ ಮುಂದೆ ನಿಂತು ನಕ್ಕಳು. ಬೋರ್ಡನ್ನು ನೋಡಿ ನಗುವವರು ಎಷ್ಟು ಜನರಿದ್ದಾರೆ? ನಾನು ಅವಳ ಕಡೆಯವನಾದೆ. ಅಷ್ಟರಲ್ಲಿ ಚಪ್ಪಲಿ ಸದ್ದು. ನನಗೆ ಗಿಳಿಯ ಮುಖ ಬಂತು.

“ಮನೆ ಹೋಯ್ತು,” ಎಂದರು ಸರ್ವಮಂಗಳಮ್ಮ.

ಎರಡು ದಿನ ಬಿಟ್ಟು ಮತ್ತೆ ಬಂದಳು. ಮತ್ತೆ ಗಿಳಿ, ಮತ್ತೆ “ಮನೆ ಹೋಯ್ತು.” ಮೂರನೆಯ ಸಲ ಜೊತೆಗೆ ಸಹಪಾಠಿ ವೈಜಯಂತಿಯನ್ನು ಕರೆತಂದಳು. ಎದುರಿನ ದಿನಸಿ ಅಂಗಡಿಯವನಿಂದ ನಂಬರು ಪಡೆದು, ಅಲ್ಲಿನ ಕಾಯಿನ್ ಬಾಕ್ಸಿನಿಂದ ವೈಜಯಂತಿ ಸರ್ವಮಂಗಳಮ್ಮನವರಿಗೆ ಫೋನ್ ಮಾಡಿದಳು. ನಡುಮನೆಯಲ್ಲಿ ಟ್ರಿಣ್ ಟ್ರಿಣ್. “ಖಾಲಿ ಇದೆಯಮ್ಮಾ, ಈಗಲೇ ಬಾ!” ಇಬ್ಬರೂ ರಸ್ತೆ ದಾಟಿ ಬಂದರು. ಅಟಿಯೇನೊ ಮುಖ ಕಂಡದ್ದೇ ಸರ್ವಮಂಗಳಮ್ಮ, “ಅಯ್ಯೋ, ಈಗ ತಾನೇ ಅಡ್ವಾನ್ಸ್ ಕೊಟ್ಟು ಹೋದ್ರು. ಮನೆ ಹೋಯ್ತು,” ಎಂದರು. ರಸ್ತೆ ದಾಟುವಷ್ಟರಲ್ಲಿ!

ನನಗೆ ಕೈಯಿಲ್ಲ. ಇದ್ದಿದ್ದರೆ ಆ ಕಥೆಯೇ ಬೇರೆಯಾಗುತ್ತಿತ್ತು.

ಗೇಟಿನ ಪಕ್ಕ ಹೂ ಮಾರುವ ಮುನಿರತ್ನಮ್ಮ ಕೂರುತ್ತಿದ್ದಳು. ಬೀದಿಯಲ್ಲಿ ಅವಳ ಬಾಯಿಗೆ ಸಿಗದ ದನಿಯಿಲ್ಲ. ತರಕಾರಿ ಗಾಡಿಯವನಂತೆ ಕೂಗಿ ಮಹಡಿ ಮನೆಯವರನ್ನು ಚೀಲದ ಸಮೇತ ಕೆಳಗಿಳಿಸುತ್ತಿದ್ದಳು. ಅವಳು ವೈಜಯಂತಿಯನ್ನು ಕೇಳಿದಳು: “ಯಾಕವ್ವಾ, ಆ ಮಗಾ ಅಂಗ್ ನಿಂತೈತೆ?”

“ಇವಳು ಇಲ್ಲಿಗೆ ಬಂದು ಹದಿನಾಲ್ಕು ದಿನದೊಳಗೆ ವಿದೇಶದವರ ನೋಂದಣಿ ಆಫೀಸಿಗೆ ಮನೆ ವಿಳಾಸ ಕೊಡಬೇಕು, ಓನರ್ ಸಹಿ ಸಮೇತ. ಸೋಮವಾರಕ್ಕೆ ಹದಿನಾಲ್ಕು. ಹಾಸ್ಟೆಲ್ ತುಂಬಿದೆ. ಇಪ್ಪತ್ತೆರಡು ಮನೆ ಸುತ್ತಿದ್ದಾಯ್ತು. ಸಹಿ ಸಿಗದಿದ್ರೆ ಓದು ಶುರುವಾಗೋಕೆ ಮುಂಚೇನೇ ಎಡವಟ್ಟು.”

ಮುನಿರತ್ನಮ್ಮ ಮೊಳ ಹಾಕುತ್ತಿದ್ದ ಹೂವನ್ನು ಬುಟ್ಟಿಗೆ ಬಿಟ್ಟಳು. “ಭಾನ್ವಾರ ನಾಕ್ ಗಂಟೆಗೆ ಕರ್ಕೊಂಬಾ. ಇನ್ನೊಂದ್ ಕಿತ ಕೇಳ್ಲಿ.”

ಭಾನುವಾರ ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮುನಿರತ್ನಮ್ಮ ಕಾಯಿನ್ ಬಾಕ್ಸಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು. ಹೊರಟದ್ದು ಅವಳ ದನಿಯಲ್ಲ. ಸರ್ವಮಂಗಳಮ್ಮನವರ ಮನೆಗೆ ತಿಥಿ, ಮುಹೂರ್ತ ಎಲ್ಲ ನೋಡುವ ಅವಧಾನಿಗಳ ದನಿ. “ಹ್ಞೂಂ… ಖ್ಖೆ! ಸರ್ವಮಂಗಳಾ, ನಾನಮ್ಮಾ, ಅವಧಾನಿ. ಅದೇನಪ್ಪಾ ಅಂದ್ರೆ, ನಿನ್ನ ಮನೆ ಯಾಕೆ ಖಾಲಿ ಬಿದ್ದಿದೆ ಅಂತ ನೋಡಿದೆ. ದೃಷ್ಟಿಯಮ್ಮಾ, ದೃಷ್ಟಿ! ಇವತ್ತು ಐದರೊಳಗೆ ಅಲ್ಲಿ ಹಾಲು ಉಕ್ಕಬೇಕು. ಸಮುದ್ರ ದಾಟಿ ಪಡುವಣದಿಂದ ಬಂದ ಹೆಣ್ಣುಮಗಳೇ ಉಕ್ಕಿಸಬೇಕು. ತಪ್ಪಿದರೆ ಇನ್ನು ಏಳು ವರ್ಷ ಬೀಗವೇ ಗತಿ. ಖ್ಖೆ!”

ಸರ್ವಮಂಗಳಮ್ಮ ಕಿಟಕಿಯಿಂದ ನೋಡಿದರು. ಗೇಟಿನಲ್ಲಿ ಅಟಿಯೇನೊ. ಓಡಿಬಂದರು. ಮೊದಲ ಬಾರಿಗೆ ಅವಳ ಮುಂದೆ ನನ್ನ ಅಕ್ಷರ ಹೊರಗೇ ಉಳಿಯಿತು.

“ಬಾಮ್ಮಾ, ಬಾ ಒಳಗೆ!”

ಖಾಲಿ ಅಡುಗೆಮನೆಗೆ ಅಗ್ಗಿಷ್ಟಿಕೆ ಬಂತು, ಕೆಂಡ ಬಂತು, ಹಾಲಿನ ಪಾತ್ರೆ ಬಂತು. ಕೆಂಪು ನೆಲ ಹಾಳಾದೀತೆಂದು ನನ್ನನ್ನು ಗೇಟಿನಿಂದ ಬಿಚ್ಚಿ ತಂದು ಕೆಳಗೆ ಹಾಸಿದರು. ಬೆನ್ನಲ್ಲಿ ಗಿಳಿ, ಎದೆಯ ಮೇಲೆ ಬೆಂಕಿ. ಅಟಿಯೇನೊ ಕೈಗೆ ಸೌಟು ಕೊಟ್ಟರು.

ಅವಳು ಇಂಗ್ಲಿಷಿನಲ್ಲಿ ವೈಜಯಂತಿಯನ್ನು ಕೇಳಿದಳು, “ಇದು ಯಾತಕ್ಕೆ?”

“ಐದರೊಳಗೆ ಹಾಲು ಉಕ್ಕಿದರೆ ನೀನು ಮನೆ ಹೊಕ್ಕ ಹಾಗೆ. ಉಕ್ಕಿಸಿದವರನ್ನ ಅದೇ ದಿನ ಹೊರಗೆ ಕಳಿಸೋದಿಲ್ಲ, ಅಪಶಕುನ.”

“ನಾಳೆ?”

ಅಟಿಯೇನೊ ಚೀಲದಿಂದ ಕಾಗದ ತೆಗೆದು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಪೆನ್ನು ಇಟ್ಟಳು. ಸರ್ವಮಂಗಳಮ್ಮ, “ಮೊದಲು ಉಕ್ಕಲಿ, ಸಹಿ ಆಮೇಲೆ ನೋಡೋಣ,” ಎಂದರು.

ಹಾಲು ಏರಿತು. ಅಟಿಯೇನೊ ಸೌಟು ಆಡಿಸಿದಳು. ಹಾಲು ಇಳಿಯಿತು. ಮತ್ತೆ ಅಂಚಿನವರೆಗೆ ಏರಿತು, ಮತ್ತೆ ಆಡಿಸಿದಳು, ಮತ್ತೆ ಇಳಿಯಿತು. ಗಡಿಯಾರದಲ್ಲಿ ಐದಕ್ಕೆ ಆರು ನಿಮಿಷ.

“ಅಯ್ಯೋ, ಸೌಟು ತೆಗಿಯೇ! ಉಕ್ಕೋಕೆ ಬಿಡೇ ತಾಯಿ!”

ಆಗ ಅವಳು ತನಗೆ ಬರುತ್ತಿದ್ದ ಅಷ್ಟೂ ಕನ್ನಡವನ್ನು ಆಡಿದಳು. ಅದನ್ನು ಕಲಿಸಿದವರು ಎದುರಿಗೇ ನಿಂತಿದ್ದರು. ಅದೇ ರಾಗ, ಅದೇ ಕತ್ತು ಅಲ್ಲಾಡಿಸುವ ಚಂದ: “ಮನೆ ಹೋಯ್ತು.”

ಸರ್ವಮಂಗಳಮ್ಮನವರು ಐದಕ್ಕೆ ಎರಡು ನಿಮಿಷವಿದ್ದಾಗ ಪೆನ್ನು ಹಿಡಿದು ಸಹಿ ಹಾಕಿದರು. ಅಟಿಯೇನೊ ಪ್ರತಿಯೊಂದು ಅಕ್ಷರವನ್ನೂ ನೋಡಿ ಸೌಟು ಎತ್ತಿದಳು. ಬೆಳ್ಳಗೆ ನೊರೆಯೆದ್ದು ಹಾಲು ನನ್ನ ಮೇಲೆ ಧಾರಾಳವಾಗಿ ಹರಿಯಿತು. ‘ಬಾಡಿಗೆಗಿದೆ’ ಗುಳ್ಳೆಯೆದ್ದು ಕಿತ್ತುಬಂತು.

ಬೋರ್ಡಾಗಿ ನನ್ನ ಆಯುಸ್ಸು ಮುಗಿದದ್ದು ಅಲ್ಲೇ. ಅಟಿಯೇನೊ ಓದು ಮುಗಿಸುವವರೆಗೂ ಅವಳ ಸ್ಟೋವಿನ ಕೆಳಗಿದ್ದೆ. ಆಮೇಲೆ ಬಂದವರೂ ಎತ್ತಲಿಲ್ಲ. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ, ಕಾಲು ತಾಗಿದವರು ಬೈಯುತ್ತಾರೆ. ಅದಕ್ಕೆಲ್ಲ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಸಂಜೆ ಐದು ಗಂಟೆಯ ನಂತರ ನಡೆದದ್ದಕ್ಕೆ.

ತಿಥಿಯ ದಿನ ಗೊತ್ತು ಮಾಡಲು ಅವಧಾನಿಗಳು ಖುದ್ದಾಗಿ ಬಂದರು. “ನೀವು ಹೇಳಿದ ಹಾಗೇ ಆಯ್ತು ಸ್ವಾಮಿ,” ಎಂದರು ಸರ್ವಮಂಗಳಮ್ಮ. “ನಾನೇನಮ್ಮಾ ಹೇಳಿದೆ? ನಾನು ಫೋನೇ ಮಾಡಿಲ್ಲವಲ್ಲ!” ಬಾಗಿಲಲ್ಲಿ ಮುನಿರತ್ನಮ್ಮ ನಿಂತಿದ್ದಳು. ಮುಚ್ಚಿಡುವ ಜಾಯಮಾನ ಅವಳದಲ್ಲ. “ಹ್ಞೂಂ… ಖ್ಖೆ! ಅದೇನಪ್ಪಾ ಅಂದ್ರೆ…”

“ಛೇ, ನಾನು ಹಾಗಾ ಕೆಮ್ಮೋದು? ಖ್ಖೆ!” ಎಂದರು ಅವಧಾನಿಗಳು.

ಅಡುಗೆಮನೆ ನಗೆಯಿಂದ ತುಂಬಿತು. ವೈಜಯಂತಿ ನಕ್ಕಳು, ಮುನಿರತ್ನಮ್ಮ ನಕ್ಕಳು, ಕೊನೆಗೆ ಅವಧಾನಿಗಳೂ ನಕ್ಕರು. ನಾನು ಬಿಸಿ ತಗಡಾಗಿ ನೆಲದಲ್ಲಿ ಚುರುಗುಟ್ಟುತ್ತಿದ್ದೆ. ಆ ಹುಡುಗಿ ತನ್ನ ಸ್ವಂತ ದನಿಯಲ್ಲಿ, ಕೈಕಟ್ಟಿ ನಿಂತು, ಮೂರು ಸಲ ಕೇಳಿದ್ದಳು. ಆಗ ಸಿಗದ ಮನೆ ಇನ್ನೊಬ್ಬರ ದನಿಗೆ ಒಂದೇ ಕರೆಯಲ್ಲಿ ಸಿಕ್ಕಿತು. ಇದರಲ್ಲಿ ನಗುವಂಥದ್ದು ಏನಿತ್ತು?

ಅಟಿಯೇನೊ ನಗಲಿಲ್ಲ. ಶಾಯಿ ಆರಲೆಂದು ಕಾಗದಕ್ಕೆ ಊದುತ್ತಾ, ಯಾರಾದರೂ ತನಗೆ ತಪ್ಪಾಯಿತೆಂಬ ಒಂದು ಮಾತು ಹೇಳುತ್ತಾರೇನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಮಾತನ್ನು ಹೇಳಬೇಕಾಗಿದ್ದವರು ಗೋಡೆ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.